ಮೂರು ಊರು, ಮೂರು ಕಡಲು: ಸಾಗರ ವಿಜ್ಞಾನಿಯಾಗಲು ಎಲ್ಲಿ, ಏನು ಓದಬೇಕು?

ಗೋವಾದ ವಾಸ್ಕೋದಲ್ಲಿ ನಮ್ಮ ಓಣಿಯಲ್ಲಿ ಗದಗದ ಕಡೆಯವರ ಮನೆಯೊಂದಿದೆ. ಯಜಮಾನರು ಬಂದರಿನಲ್ಲಿ ಕೆಲಸಕ್ಕಿದ್ದಾರೆ. ಅವರ ಹಿರಿಯ ಮಗಳು ಹನ್ನೆರಡನೆಯ ತರಗತಿಯ ವಿಜ್ಞಾನ ಮುಗಿಸಿ ಒಳ್ಳೆಯ ಅಂಕ ತಂದಳು. ಮರುದಿನ ಸಂಜೆ ಅಪ್ಪ, ಮಗಳು ಪೇಢೆಯ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದರು. ಚಹಾ ಮುಗಿಯುವ ತನಕ ಊರಿನ ಮಳೆ, ಬೆಳೆ ಮಾತನಾಡಿ ಕೊನೆಗೆ ಅಪ್ಪ ವಿಷಯಕ್ಕೆ ಬಂದರು: “ಅಕ್ಕಾರೆ, ಇವಳು ಸಮುದ್ರದ ವಿಜ್ಞಾನಿ ಆಗುತ್ತೇನೆ ಎನ್ನುತ್ತಾಳೆ. ಮೀನುಗಾರಿಕೆಯ ದೊಡ್ಡ ಕಾಲೇಜು ಮುಂಬಯಿಯಲ್ಲೇ ಇದೆ, ಕಳುಹಿಸು ಎಂದು ನನ್ನ ತಮ್ಮ ಹೇಳುತ್ತಾನೆ. ಪುಣೆಗೆ ಬರಲಿ ಎಂದು ಇವಳ ಸೋದರಮಾವ ಹೇಳುತ್ತಾನೆ. ಇಲ್ಲಿ ಗೋವಾದಲ್ಲಿ ಸಾಗರ ವಿಜ್ಞಾನಿಯಾದ ನೀವೇ ಇದ್ದೀರಿ. ಯಾವುದು ಸರಿ, ನೀವೇ ಹೇಳಿರಿ.”

ಹತ್ತು ನಿಮಿಷದಲ್ಲಿ ಉತ್ತರಿಸುವ ಪ್ರಶ್ನೆ ಅದಾಗಿರಲಿಲ್ಲ. ಮೂರು ರಾತ್ರಿ ಕುಳಿತು ಆ ಹುಡುಗಿಗಾಗಿ ಬರೆದಿಟ್ಟುಕೊಂಡದ್ದನ್ನೇ ತಿದ್ದಿ ಇಲ್ಲಿ ಕೊಡುತ್ತಿದ್ದೇನೆ. ಗೋವಾ, ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಎಷ್ಟೋ ಕನ್ನಡದ ಮನೆಗಳಲ್ಲಿ ಇದೇ ಪ್ರಶ್ನೆ ಎದ್ದಿರುತ್ತದೆ ಎಂದು ನನಗೆ ಗೊತ್ತು.

ಡಾಕ್ಟರ್ ಆಗಲು ಎಂಬಿಬಿಎಸ್, ವಕೀಲರಾಗಲು ಎಲ್‌ಎಲ್‌ಬಿ. ಸಾಗರ ವಿಜ್ಞಾನಕ್ಕೆ ಹಾಗೆ ಒಂದೇ ಹೆಬ್ಬಾಗಿಲಿಲ್ಲ. ಭೌತಶಾಸ್ತ್ರ ಓದಿದವರು, ರಸಾಯನಶಾಸ್ತ್ರದವರು, ಪ್ರಾಣಿಶಾಸ್ತ್ರದವರು, ಭೂವಿಜ್ಞಾನದವರು, ಎಂಜಿನಿಯರುಗಳು, ಎಲ್ಲರೂ ಬೇರೆ ಬೇರೆ ದಾರಿಯಿಂದ ಬಂದು ಒಂದೇ ಹಡಗು ಹತ್ತುತ್ತಾರೆ. ಹಾಗಾಗಿ ಊರು ಯಾವುದು ಎಂದು ಕೇಳುವ ಮೊದಲು, ನಿಮ್ಮ ಮಗು ದಿನವೂ ಬೇಸರವಿಲ್ಲದೆ ಮಾಡಬಲ್ಲ ವಿಜ್ಞಾನ ಯಾವುದು ಎಂದು ಕೇಳಿಕೊಳ್ಳಬೇಕು. ಅಲೆ, ಪ್ರವಾಹ, ಉಷ್ಣತೆಗಳದ್ದು ಒಂದು ಶಾಖೆ. ನೀರಿನ ಲವಣ, ಪೋಷಕಾಂಶ, ಆಮ್ಲಜನಕದ್ದು ಇನ್ನೊಂದು. ಜೀವಿಗಳದ್ದು ಮೂರನೆಯದು. ಕಡಲ ತಳದ ಕೆಸರು, ಕಲ್ಲು, ಖನಿಜಗಳದ್ದು ನಾಲ್ಕನೆಯದು. ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಊರು ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ, ಏಕೆಂದರೆ ಈ ಮೂರು ಊರುಗಳಲ್ಲಿ ಕಲಿಸುವ ಕಡಲು ಒಂದೇ ಅಲ್ಲ.

ಗೋವಾ: ನೀರನ್ನು ಕೈಯಲ್ಲಿ ಹಿಡಿಯುವವರಿಗೆ

1960ರ ದಶಕದ ಮೊದಲ ಭಾಗದಲ್ಲಿ ಹಲವು ದೇಶಗಳ ಹಡಗುಗಳು ಸೇರಿ ಹಿಂದೂ ಮಹಾಸಾಗರದ ಸಮೀಕ್ಷೆ ನಡೆಸಿದವು. ಅದರ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಎಲ್ಲರೂ ಎನ್‌ಐಒ ಎನ್ನುವ ಈ ಸಂಸ್ಥೆಯ ಕೇಂದ್ರ ಕಚೇರಿ ದೋನಾ ಪಾವಲಾದಲ್ಲಿದೆ. ಈ ಕಡೆ ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿ ಧ್ರುವ ಮತ್ತು ಸಾಗರ ಸಂಶೋಧನೆಯ ರಾಷ್ಟ್ರೀಯ ಕೇಂದ್ರವಿದೆ. ಅಂಟಾರ್ಕ್ಟಿಕಾದ ಮೈತ್ರಿ ಮತ್ತು ಭಾರತಿ ನೆಲೆಗಳನ್ನು ನಡೆಸುವುದು ಅದೇ. ನಮ್ಮ ಓಣಿಯ ಹುಡುಗರು ಅದರ ಗೇಟಿನ ಮುಂದೆಯೇ ಸೈಕಲ್ ಹೊಡೆಯುತ್ತಾರೆ, ಒಳಗೆ ಅಂಟಾರ್ಕ್ಟಿಕಾದ ಹಿಮದ ತುಂಡುಗಳನ್ನು ಕಾಪಿಟ್ಟಿದ್ದಾರೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ.

ಇವೆರಡೂ ಸಂಶೋಧನಾ ಸಂಸ್ಥೆಗಳು. ಹನ್ನೆರಡನೆಯ ತರಗತಿ ಮುಗಿಸಿ ನೇರವಾಗಿ ಇಲ್ಲಿ ಪದವಿಗೆ ಸೇರಲು ಬರುವುದಿಲ್ಲ. ಓದುವುದು ತಾಳೆಗಾಂವ್ ಪ್ರಸ್ಥಭೂಮಿಯ ಮೇಲಿರುವ ಗೋವಾ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಸಾಗರ ವಿಜ್ಞಾನದಲ್ಲಿಯೂ ಸಾಗರ ಜೈವಿಕ ತಂತ್ರಜ್ಞಾನದಲ್ಲಿಯೂ ಎಂಎಸ್‌ಸಿ ಇದೆ. ವಿಶ್ವವಿದ್ಯಾಲಯದಿಂದ ಎನ್‌ಐಒ ಕೂಗಳತೆಯ ದೂರ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ ಅಲ್ಲಿನ ಪ್ರಯೋಗಾಲಯದಲ್ಲಿ ಜಾಗ ಸಿಕ್ಕರೆ ಮುಂದಿನ ಹಾದಿ ಅರ್ಧ ಸವೆದಂತೆ. ಪ್ರವೇಶ ಪರೀಕ್ಷೆ, ಹೊರಗಿನವರಿಗೆ ಮೀಸಲಾದ ಸೀಟು, ವಾಸಸ್ಥಳದ ಪ್ರಮಾಣಪತ್ರ ಇವುಗಳ ನಿಯಮವನ್ನು ಆ ವರ್ಷದ ಮಾಹಿತಿ ಪುಸ್ತಿಕೆಯಲ್ಲಿಯೇ ಓದಬೇಕು. ಗೋವಾದಲ್ಲಿ ಹುಟ್ಟಿದ ಕನ್ನಡದ ಮಕ್ಕಳು ವಾಸಸ್ಥಳದ ಕಾಗದಗಳನ್ನು ಹನ್ನೊಂದನೆಯ ತರಗತಿಯಲ್ಲಿರುವಾಗಲೇ ಸರಿಮಾಡಿಕೊಳ್ಳಿ. ಕಾಗದ ತಡವಾಗಿ ಕಣ್ಣೀರು ಹಾಕಿದವರನ್ನು ನಾನು ಕಂಡಿದ್ದೇನೆ.

ಪದವಿಗೆ ಮಡಗಾಂವಿನ ಚೌಗುಲೆ, ಪಣಜಿಯ ಧೆಂಪೆ ಕಾಲೇಜುಗಳಲ್ಲಿ ಭೂವಿಜ್ಞಾನವೂ ಇದೆ. ಕಡಲ ತಳದ ಕಡೆಗೆ ಮನಸ್ಸಿರುವವರಿಗೆ ಇದು ಅಪರೂಪದ ಅನುಕೂಲ, ಏಕೆಂದರೆ ಭೂವಿಜ್ಞಾನ ಕಲಿಸುವ ಕಾಲೇಜುಗಳು ಎಲ್ಲ ಕಡೆಯೂ ಸಿಗುವುದಿಲ್ಲ.

ಗೋವಾದ ದಾರಿ ಎಂಥದ್ದು ಎಂದು ಹೇಳಲು ನನ್ನದೇ ಒಂದು ರಾತ್ರಿಯನ್ನು ಹೇಳಬೇಕು. ರಸಾಯನಶಾಸ್ತ್ರದಲ್ಲಿ ಎಂಎಸ್‌ಸಿ ಮುಗಿಸಿ ಮೊದಲ ಬಾರಿಗೆ ಹಡಗಿನಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗಿದ್ದೆ. ರಾತ್ರಿ ಎರಡು ಗಂಟೆಗೆ ಉಪಕರಣ ಮೇಲೆ ಬಂತು. ಉಕ್ಕಿನ ಚೌಕಟ್ಟಿನ ಸುತ್ತ ನಿಲ್ಲಿಸಿದ ಉದ್ದನೆಯ ನಿಸ್ಕಿನ್ ಬಾಟಲಿಗಳು, ಒಂದೊಂದೂ ಒಂದೊಂದು ಆಳದಲ್ಲಿ ಬಾಯಿ ಮುಚ್ಚಿಕೊಂಡು ಅಲ್ಲಿನ ನೀರನ್ನು ಹೊತ್ತು ತಂದಿರುತ್ತವೆ. ಆಮ್ಲಜನಕ ಅಳೆಯುವವರು ಎಲ್ಲರಿಗಿಂತ ಮೊದಲು ನೀರು ಹಿಡಿಯಬೇಕು. ಹೊರಗಿನ ಗಾಳಿ ಸೋಕಿದರೆ ಲೆಕ್ಕ ಕೆಟ್ಟಿತು. ರಬ್ಬರು ಕೊಳವೆಯನ್ನು ಗಾಜಿನ ಬಾಟಲಿಯ ತಳಕ್ಕೆ ಇಳಿಸಿ, ನೀರು ಉಕ್ಕಿ ಹರಿಯುವಂತೆ ಬಿಟ್ಟು, ಕೊಳವೆಯನ್ನು ಮೆಲ್ಲಗೆ ಹೊರತೆಗೆದು, ಮ್ಯಾಂಗನೀಸಿನ ದ್ರಾವಣ, ಆಮೇಲೆ ಕ್ಷಾರ ಬೆರೆತ ಅಯೊಡೈಡ್ ಹಾಕಿ, ಬಿರಡೆ ಒತ್ತಿ ಅಲುಗಾಡಿಸಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಬೆಲ್ಲದ ಪಾಕದ ಬಣ್ಣದ ಗಸಿ ಕೂರುತ್ತದೆ. ಇಲ್ಲದಿದ್ದರೆ ಗಸಿ ಹಾಲಿನಂತೆ ಬೆಳ್ಳಗಿರುತ್ತದೆ. 1888ರಲ್ಲಿ ವಿಂಕ್ಲರ್ ಕೊಟ್ಟ ವಿಧಾನ ಇದು, ಇವತ್ತಿಗೂ ಯಂತ್ರಗಳ ಲೆಕ್ಕವನ್ನು ಇದರಿಂದಲೇ ಒರೆಗೆ ಹಚ್ಚುತ್ತಾರೆ.

ಅರಬ್ಬಿ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ 1,000 ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಕೆಲವು ಕಡೆ ಇಲ್ಲವೆಂದೇ ಹೇಳಬಹುದು. ಆದರೆ 300 ಮೀಟರಿನ ನನ್ನ ಬಾಟಲಿ ತಿಳಿಗಂದಾಗಿ ನಿಂತಿತ್ತು. ಜೊತೆಗಿದ್ದ ಹಿರಿಯರು ಅದನ್ನು ದೀಪಕ್ಕೆ ಹಿಡಿದು ಏನೂ ಮಾತನಾಡದೆ ಬಿರಡೆಯ ಕೆಳಗೆ ಬೆರಳು ತೋರಿಸಿದರು. ಸಾಸಿವೆ ಕಾಳಿನಷ್ಟು ಗಾಳಿಯ ಗುಳ್ಳೆ. ಅಷ್ಟೇ ಸಾಕಾಗಿತ್ತು. ಅಷ್ಟರಲ್ಲಿ ಉಳಿದ ನೀರನ್ನು ಬೇರೆಯವರು ಹಿಡಿದಾಗಿತ್ತು, ಹಡಗು ಮುಂದಿನ ನಿಲ್ದಾಣದ ಕಡೆ ಹೊರಟಿತ್ತು. ದಾಖಲೆಯಲ್ಲಿ ಆ ಆಳದ ಮುಂದೆ ಖಾಲಿ ಜಾಗ ಉಳಿಯಿತು. ನನ್ನ ಕೈಬರಹದ ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಇದನ್ನು ಹೇಳಲು ಕಾರಣವಿದೆ. ಪದವಿಯ ಹೆಸರಿನಲ್ಲಿ ‘ಮರೀನ್’ ಎಂಬ ಪದ ಇದೆಯೇ ಎಂದು ಪಾಲಕರು ಹುಡುಕುತ್ತಾರೆ. ನಾನು ಹುಡುಕುವುದು ಪ್ರಯೋಗಾಲಯವನ್ನು. ಬ್ಯುರೆಟ್ ಹಿಡಿಯುವ ಕೈ ಬಿಎಸ್‌ಸಿಯ ಮೂರು ವರ್ಷಗಳಲ್ಲಿ ಪಳಗಬೇಕು, ಹಡಗಿನಲ್ಲಿ ಅಲ್ಲ. ನೀರು ಹಿಡಿಯುವುದು, ಜರಡಿ ಹಿಡಿಯುವುದು, ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವುದು ಇಷ್ಟವಿರುವ ಮಗುವಿಗೆ ಗೋವಾಕ್ಕಿಂತ ಒಳ್ಳೆಯ ಊರು ನಮ್ಮ ಪಶ್ಚಿಮ ಕರಾವಳಿಯಲ್ಲಿ ನನಗೆ ಕಾಣುವುದಿಲ್ಲ.

ಪುಣೆ: ಕಾಣದ ಕಡಲನ್ನು ಲೆಕ್ಕದಲ್ಲಿ ಹಿಡಿಯುವವರಿಗೆ

ಪುಣೆಯಲ್ಲಿ ಸಮುದ್ರ ಎಲ್ಲಿದೆ ಎಂದು ಸೋದರಮಾವನನ್ನು ಎಲ್ಲರೂ ಕೇಳಿದರಂತೆ. ಇದೆ, ಪಾಷಾಣ್ ಎಂಬ ಬಡಾವಣೆಯಲ್ಲಿದೆ. 1962ರಲ್ಲಿ ಶುರುವಾದ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಅಲ್ಲಿದೆ. ಮುಂಗಾರು ಹುಟ್ಟುವುದರಲ್ಲಿ ಕಡಲಿನ ಶಾಖಕ್ಕೂ ಪಾಲಿರುವುದರಿಂದ, ಮಳೆಯ ಮುನ್ಸೂಚನೆಯ ಗಣಿತ ಮಾದರಿಯಲ್ಲಿ ಗಾಳಿಯ ಜೊತೆಗೆ ಸಮುದ್ರವನ್ನೂ ಜೋಡಿಸಿರುತ್ತಾರೆ. ಆ ಲೆಕ್ಕಗಳಿಗಾಗಿ 2024ರಲ್ಲಿ ‘ಅರ್ಕ’ ಎಂಬ ಸೂಪರ್ ಕಂಪ್ಯೂಟರ್ ಅಲ್ಲಿಗೆ ಬಂತು. ಅದೇ ಪಾಷಾಣ್ ಪಕ್ಕದಲ್ಲಿ ಐಸರ್ ಪುಣೆ, ಅಂದರೆ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಇದೆ. ಹನ್ನೆರಡನೆಯ ತರಗತಿಯ ನಂತರ ಅದರ ಪ್ರವೇಶ ಪರೀಕ್ಷೆಯಾದ ಐಎಟಿ ಬರೆದು ಐದು ವರ್ಷದ ಬಿಎಸ್-ಎಂಎಸ್‌ಗೆ ಸೇರಬಹುದು, ಒಳಗೆ ಭೂಮಿ ಮತ್ತು ಹವಾಮಾನ ವಿಜ್ಞಾನದ ವಿಭಾಗವೂ ಇದೆ. ಪುಣೆ ವಿಶ್ವವಿದ್ಯಾಲಯದಲ್ಲಿ ವಾತಾವರಣ ವಿಜ್ಞಾನದ ವಿಭಾಗ ಬೇರೆಯೇ ಇದೆ.

ಈ ದಾರಿಗೆ ಗಣಿತ ಬೇಕು. ಸ್ವಲ್ಪ ಅಲ್ಲ, ಬಹಳ. ಒಂದು ಉದಾಹರಣೆ ಕೊಡುತ್ತೇನೆ. ಮಂಗಳೂರಿನಿಂದ ಗೋವಾದವರೆಗಿನ ನಮ್ಮ ಕರಾವಳಿಯ ಪ್ರವಾಹ ಮುಂಗಾರಿನಲ್ಲಿ ದಕ್ಷಿಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ತಿರುಗಿ ಉತ್ತರಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ದಡದ ಗಾಳಿ ಅದಕ್ಕೆ ಎದುರಾಗಿ ಬೀಸುತ್ತಿದ್ದರೂ ನೀರು ಉತ್ತರಕ್ಕೇ ಹೋಗುತ್ತದೆ. ಕಾರಣ ಹುಡುಕುತ್ತ ಹೋದರೆ ಅದು ಬಂಗಾಳಕೊಲ್ಲಿಯಲ್ಲಿ ಸಿಗುತ್ತದೆ. ಅಲ್ಲಿ ಬೀಸಿದ ಗಾಳಿಯ ಪರಿಣಾಮ ದಡವನ್ನು ತಬ್ಬಿಕೊಂಡು ಸಾಗುವ ಅಲೆಯಾಗಿ, ಭಾರತದ ತುದಿಯನ್ನು ಸುತ್ತಿ, ನಮ್ಮ ಕಡಲಿಗೆ ಬಂದು ತಲುಪುತ್ತದೆ. ಇದು ದೋಣಿಯಲ್ಲಿ ಕುಳಿತು ಕಣ್ಣಿಗೆ ಕಾಣುವ ವಿಷಯವಲ್ಲ, ಸಮೀಕರಣ ಬಿಡಿಸಿದವರಿಗೆ ಮಾತ್ರ ಕಾಣುತ್ತದೆ. ಇಂಥ ಒಗಟಿನಲ್ಲಿ ಸುಖ ಕಾಣುವ ಮಗುವಿಗೆ ಭೌತಶಾಸ್ತ್ರ ಮತ್ತು ಗಣಿತ ಸೇರಿದ ಬಿಎಸ್‌ಸಿಯೇ ಸರಿಯಾದ ಬುನಾದಿ. ಜೊತೆಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲಿ. ನಾನು ಅದನ್ನು ನಲವತ್ತು ದಾಟಿದ ಮೇಲೆ ಕಲಿತೆ. ಮೊದಲೇ ಕಲಿತಿದ್ದರೆ ನನ್ನ ಎಷ್ಟೋ ವರ್ಷಗಳ ಅಳತೆಗಳಿಂದ ಇನ್ನೂ ಹೆಚ್ಚನ್ನು ತಿಳಿಯಬಹುದಿತ್ತು ಎಂಬ ಕೊರಗು ಇದೆ.

ಪುಣೆಯಿಂದ ಹಡಗಿಗೆ ದಾರಿಯಿಲ್ಲ ಎಂದುಕೊಳ್ಳಬೇಡಿ. ಸಾಗರ ವಿಜ್ಞಾನಿ ಅದಿತಿ ಪಂತ್ ಬಿಎಸ್‌ಸಿ ಮಾಡಿದ್ದು ಪುಣೆ ವಿಶ್ವವಿದ್ಯಾಲಯದಲ್ಲಿ. ಮುಂದೆ ಹವಾಯಿ, ಲಂಡನ್‌ಗಳಲ್ಲಿ ಓದಿ ಗೋವಾದ ಎನ್‌ಐಒ ಸೇರಿದರು. 1983–84ರ ಭಾರತದ ಮೂರನೆಯ ಸಂಶೋಧನಾ ಯಾತ್ರೆಯಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಅವರ ಜೊತೆಗೆ ಅಂಟಾರ್ಕ್ಟಿಕಾಕ್ಕೆ ಹೋದರು. ಅಲ್ಲಿಗೆ ಹೋದ ಮೊದಲ ಭಾರತೀಯ ಮಹಿಳೆಯರು ಅವರಿಬ್ಬರು.

ಮುಂಬಯಿ: ಮೀನು, ಮೀನುಗಾರ ಮತ್ತು ದುಡಿಮೆ

ಮುಂಬಯಿಯ ವರ್ಸೋವಾದಲ್ಲಿರುವುದು ಕೇಂದ್ರೀಯ ಮೀನುಗಾರಿಕೆ ಶಿಕ್ಷಣ ಸಂಸ್ಥೆ, ಸಿಐಎಫ್‌ಇ. 1961ರಲ್ಲಿ ಶುರುವಾಗಿ 1989ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. ಅಂಧೇರಿಯ ಮೊಗವೀರ ವ್ಯವಸ್ಥಾಪಕ ಮಂಡಳಿಯ ಶಾಲೆಯಿಂದ ಅದು ದೂರವಿಲ್ಲ. ಮಲ್ಪೆ, ಗಂಗೊಳ್ಳಿಗಳಿಂದ ಬಂದ ಎಷ್ಟೋ ಕುಟುಂಬಗಳ ಮಕ್ಕಳು ಆ ಗೇಟನ್ನು ದಾಟಿಕೊಂಡೇ ಬೆಳೆದಿರುತ್ತಾರೆ. ಎನ್‌ಐಒದ ಪ್ರಾದೇಶಿಕ ಕೇಂದ್ರವೂ ಅಂಧೇರಿಯಲ್ಲಿಯೇ ಇದೆ.

ಚಿಕ್ಕಪ್ಪ ಒಂದು ವಿಷಯವನ್ನು ಬಿಟ್ಟು ಹೇಳಿದ್ದ. ಸಿಐಎಫ್‌ಇಯಲ್ಲಿ ಕಲಿಸುವುದು ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿಯಾದ ಎಂಎಫ್‌ಎಸ್‌ಸಿ ಮತ್ತು ಪಿಎಚ್‌ಡಿ. ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಅಲ್ಲಿ ಪದವಿ ಇಲ್ಲ. ಎಂಎಫ್‌ಎಸ್‌ಸಿಗೆ ಹೋಗಬೇಕಾದರೆ ಅದೇ ವಿಷಯದ ನಾಲ್ಕು ವರ್ಷದ ಪದವಿ ಬಿಎಫ್‌ಎಸ್‌ಸಿ ಮಾಡಿರಬೇಕು, ಆಮೇಲೆ ಕೃಷಿ ಸಂಶೋಧನಾ ಮಂಡಳಿಯ ಪ್ರವೇಶ ಪರೀಕ್ಷೆ ಬರೆಯಬೇಕು. ಪ್ರಾಣಿಶಾಸ್ತ್ರದ ಬಿಎಸ್‌ಸಿ ಮಾಡಿ ಮೀನುಗಾರಿಕೆಗೆ ಹೋಗುತ್ತೇನೆ ಎಂದುಕೊಂಡ ಮಕ್ಕಳು ಇಲ್ಲಿಯೇ ಎಡವುತ್ತಾರೆ. ಆಯ್ಕೆ ಹನ್ನೆರಡನೆಯ ತರಗತಿಯಾದ ಕೂಡಲೇ ಆಗಬೇಕು.

ಬಿಎಫ್‌ಎಸ್‌ಸಿಗೆ ನಮ್ಮವರಿಗೆ ಗೊತ್ತಿರಬೇಕಾದ ಹಳೆಯ ಕಾಲೇಜು ಮಂಗಳೂರಿನದು, 1969ರದು. ಮಹಾರಾಷ್ಟ್ರದಲ್ಲಿ ರತ್ನಾಗಿರಿಯದು ಇದೆ. ಮಂಗಳೂರಿನ ಸೀಟು ಕರ್ನಾಟಕದ ಸಿಇಟಿಯ ಮೂಲಕ ಸಿಗುತ್ತದೆ. ನಾವು ಹೊರಗಿನವರು, ನಮಗೆಲ್ಲಿ ಎಂದು ಸುಮ್ಮನೆ ಕೂರಬೇಡಿ. ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆಂದೇ ಸಿಇಟಿಯಲ್ಲಿ ಬೇರೆ ಅರ್ಹತಾ ನಿಯಮವಿದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕಾಗುತ್ತದೆ. ಮನೆಯಲ್ಲಿ ಮಗುವಿಗೆ ಕನ್ನಡ ಓದಲು, ಬರೆಯಲು ಕಲಿಸಿದ್ದರೆ ಆ ಬಾಗಿಲು ತೆರೆಯುತ್ತದೆ. ಗದಗದ ಈ ಮನೆಯವರು ಕಲಿಸಿದ್ದರು. ಆ ಹುಡುಗಿ ತನ್ನ ಅಜ್ಜಿಗೆ ಈಗಲೂ ಕಾಗದ ಬರೆಯುತ್ತಾಳೆ.

ಈ ದಾರಿಯ ದೊಡ್ಡ ಬಲ ನೌಕರಿ. ರಾಜ್ಯಗಳ ಮೀನುಗಾರಿಕೆ ಇಲಾಖೆಗಳು, ಸಿಗಡಿ ಕೃಷಿಯ ಘಟಕಗಳು, ರಫ್ತು ಕಂಪನಿಗಳು, ಬ್ಯಾಂಕುಗಳು, ಇವೆಲ್ಲಕ್ಕೂ ಬಿಎಫ್‌ಎಸ್‌ಸಿಯವರು ಬೇಕು. ಪಿಎಚ್‌ಡಿ ತನಕ ಓದಲು ಆಗದಿದ್ದರೂ ನಾಲ್ಕು ವರ್ಷದ ಓದು ಕೈಬಿಡುವುದಿಲ್ಲ. ಸಂಶೋಧನೆಗೆ ಹೋಗುವವರಿಗೆ ಕೃಷಿ ವಿಜ್ಞಾನಿಗಳ ನೇಮಕಾತಿಯ ಪರೀಕ್ಷೆ ಪ್ರತ್ಯೇಕವಾಗಿದೆ. ಇದನ್ನು ಕಡಿಮೆ ದರ್ಜೆಯ ಓದು ಎಂದು ಮೂಗು ಮುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೂತಾಯಿ ಮೀನು ಒಂದು ವರ್ಷ ಬಲೆ ಹರಿಯುವಷ್ಟು ಬಂದು ಇನ್ನೊಂದು ವರ್ಷ ಮಾಯವಾಗುವುದು ಏಕೆ ಎಂಬುದಕ್ಕಿಂತ ನಮ್ಮ ಕರಾವಳಿಯ ಒಲೆಗೆ ಹತ್ತಿರದ ವಿಜ್ಞಾನ ಯಾವುದಿದೆ? ಮಿತಿಯೂ ಇದೆ. ಬಿಎಫ್‌ಎಸ್‌ಸಿಯಲ್ಲಿ ಸಾಕಣೆ, ಸಂಸ್ಕರಣೆ, ಮಾರುಕಟ್ಟೆಗಳೇ ಹೆಚ್ಚು ಜಾಗ ತೆಗೆದುಕೊಳ್ಳುತ್ತವೆ. ಪ್ರವಾಹ, ಹವಾಮಾನ, ಕಡಲ ತಳ ಇವುಗಳ ಕನಸು ಕಂಡವರು ಇಲ್ಲಿಗೆ ಬಂದರೆ ಹಳಹಳಿಸುತ್ತಾರೆ.

ಮುಂಬಯಿಯಲ್ಲಿ ಇನ್ನೊಂದು ಗೊಂದಲ ಇರುತ್ತದೆ. ನಾಟಿಕಲ್ ಸೈನ್ಸ್, ಮರೀನ್ ಎಂಜಿನಿಯರಿಂಗ್ ಇವು ಸರಕು ಹಡಗು ನಡೆಸುವವರ ಓದು. ಸಂಬಳ ಚೆನ್ನಾಗಿದೆ, ಗೌರವದ ಕೆಲಸ, ಆದರೆ ಸಾಗರ ವಿಜ್ಞಾನ ಅಲ್ಲ.

ಕಾರವಾರವನ್ನು ಮರೆಯಬೇಡಿ

ಗೋವಾದ ಗಡಿ ದಾಟಿದ ಕೂಡಲೇ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನವಿದೆ. ಜೀವಶಾಸ್ತ್ರದ ಬಿಎಸ್‌ಸಿ ಮಾಡಿ ಗೋವಾದಲ್ಲಿ ಸೀಟು ಸಿಗದವರಿಗೆ ಕಾರವಾರ ಎರಡನೆಯ ಆಯ್ಕೆಯಲ್ಲ, ಸಮಾನ ಆಯ್ಕೆ. ಕಾಳಿ ನದಿ ಕಡಲು ಸೇರುವ ಬಾಯಿಯೇ ಅಲ್ಲಿನವರ ಪ್ರಯೋಗಶಾಲೆ.

ವರ್ಷ ಎಷ್ಟು, ಖರ್ಚು ಎಷ್ಟು

ಅಪ್ಪನ ನಿಜವಾದ ಚಿಂತೆ ಇದಾಗಿತ್ತು, ಕೇಳಲು ಸಂಕೋಚಪಟ್ಟರು. ಬಿಎಸ್‌ಸಿ ಮೂರು ವರ್ಷ, ಹೊಸ ಪದ್ಧತಿಯಲ್ಲಿ ಆನರ್ಸ್ ಬೇಕಾದರೆ ನಾಲ್ಕು. ಎಂಎಸ್‌ಸಿ ಎರಡು. ಪಿಎಚ್‌ಡಿ ಸಾಮಾನ್ಯವಾಗಿ ಐದು. ಹೆಚ್ಚು ಕಡಿಮೆ ಹತ್ತು ವರ್ಷ. ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಹತ್ತೂ ವರ್ಷ ಮನೆಯವರೇ ಹೊರಬೇಕಾಗಿಲ್ಲ. ಎಂಎಸ್‌ಸಿಯ ಹೊತ್ತಿಗೆ ಸಿಎಸ್‌ಐಆರ್–ಯುಜಿಸಿ ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವೇತನಕ್ಕೆ ಅರ್ಹತೆ ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ ಸಿಗುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರ ಇದು. ಹಾಗಾಗಿ ಮನೆಯವರು ಹೊರುವ ಭಾರ ನಿಜದಲ್ಲಿ ಐದಾರು ವರ್ಷ.

ನೆಟ್ ಪರೀಕ್ಷೆಯನ್ನು ಭೂಮಿ, ವಾತಾವರಣ, ಸಾಗರ ಮತ್ತು ಗ್ರಹ ವಿಜ್ಞಾನದ ಪತ್ರಿಕೆಯಲ್ಲಿಯೇ ಬರೆಯಬೇಕೆಂದಿಲ್ಲ. ಜೀವ, ರಸಾಯನ, ಭೌತ ವಿಜ್ಞಾನಗಳ ಪತ್ರಿಕೆಯಲ್ಲಿ ಗೆದ್ದವರೂ ಎನ್‌ಐಒಗೆ ಬರುತ್ತಾರೆ. ನಾನು ರಸಾಯನ ವಿಜ್ಞಾನದ ಪತ್ರಿಕೆಯಿಂದಲೇ ಬಂದವಳು. ಈ ಪರೀಕ್ಷೆ ಕಷ್ಟದ್ದು, ಎಂಎಸ್‌ಸಿಯ ಮೊದಲ ದಿನದಿಂದಲೇ ತಯಾರಿ ನಡೆಯಲಿ. ಎಂಜಿನಿಯರಿಂಗ್ ಮಾಡಿದವರಿಗೆ ಗೇಟ್ ಪರೀಕ್ಷೆ ಇದೆ. ನೀರಿನೊಳಗೆ ಇಳಿಯುವ ಯಂತ್ರ, ತೇಲುಬುರುಡೆ, ಸಂವೇದಕ ಕಟ್ಟುವ ಆಸೆಯಿರುವವರು ಆ ದಾರಿ ಹಿಡಿಯಲಿ. ಚೆನ್ನೈನಲ್ಲಿ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ 6000 ಕಟ್ಟುತ್ತಿರುವುದು ಅಂಥವರೇ. ಕೆಲವು ಖಾಸಗಿಯವರು ಆರು ತಿಂಗಳ ಪ್ರಮಾಣಪತ್ರ ಕೊಟ್ಟು ಸಾಗರ ವಿಜ್ಞಾನಿ ಮಾಡುತ್ತೇವೆ ಎನ್ನುತ್ತಾರೆ. ಆ ಹಣವನ್ನು ಒಂದು ಒಳ್ಳೆಯ ಲ್ಯಾಪ್‌ಟಾಪಿಗೆ ಇಡಿ.

ಹಾಗಾದರೆ ಯಾರಿಗೆ ಯಾವುದು

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹನ್ನೆರಡನೆಯ ತರಗತಿಯಲ್ಲಿ ಗಣಿತ ಗಟ್ಟಿಯಿದ್ದು ಪ್ರವೇಶ ಪರೀಕ್ಷೆ ಬರೆಯುವ ಧೈರ್ಯವಿದ್ದರೆ ಐಸರ್‌ಗೆ ಮೊದಲು ಪ್ರಯತ್ನಿಸಿ. ಮೂರು ಊರುಗಳ ದಾರಿಗಳಲ್ಲಿ ಅತ್ಯಂತ ವಿಶಾಲವಾದದ್ದು ಅದು. ಮನೆಯಲ್ಲಿ ಬೇಗ ಸಂಪಾದನೆ ಬೇಕಾಗಿದ್ದರೆ, ಜೀವಶಾಸ್ತ್ರ ಇಷ್ಟವಿದ್ದರೆ, ಬಿಎಫ್‌ಎಸ್‌ಸಿ ಮಾಡಿ ಮುಂಬಯಿಯ ಕಡೆ ನೋಡಿ. ಇನ್ನೂ ತೀರ್ಮಾನವಾಗದ ಮಗುವಿಗೆ ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ರಸಾಯನ, ಭೌತ ಅಥವಾ ಭೂವಿಜ್ಞಾನದ ಬಿಎಸ್‌ಸಿಯೇ ಸುರಕ್ಷಿತ. ಮೂರು ವರ್ಷದ ನಂತರ ಮನಸ್ಸು ಕಡಲಿನಿಂದ ಬೇರೆ ಕಡೆ ಹೊರಳಿದರೂ ಓದು ವ್ಯರ್ಥವಾಗುವುದಿಲ್ಲ. ಹದಿನೇಳರ ವಯಸ್ಸಿನಲ್ಲಿ ಮನಸ್ಸು ಹೊರಳುವುದು ತಪ್ಪಲ್ಲ.

ಹೊರಡುವ ಮೊದಲು ಅಪ್ಪ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಕೇಳಿದರು: “ಹಡಗಿನಲ್ಲಿ ಹೆಣ್ಣುಮಕ್ಕಳಿಗೆ ಹೇಗೆ, ಅಕ್ಕಾರೆ?” ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾವು ಇಬ್ಬರು ಹೆಂಗಸರಿಗೆ ಒಂದು ಕ್ಯಾಬಿನ್. ಒಳಗಿನಿಂದ ಚಿಲಕವಿದೆ. ಪಾಳಿಯ ಕೆಲಸ ಗಂಡಸರಿಗೂ ಹೆಂಗಸರಿಗೂ ಒಂದೇ. ಮೊದಲ ಎರಡು ದಿನ ವಾಂತಿಯಾಗುತ್ತದೆ, ಅದಕ್ಕೂ ಗಂಡು ಹೆಣ್ಣೆಂಬ ಭೇದವಿಲ್ಲ. ಒಣ ಅವಲಕ್ಕಿ, ಶುಂಠಿ ಜೊತೆಗಿರಲಿ. ಎಷ್ಟೋ ವಾರ ಮನೆಯ ದನಿ ಕೇಳದೆ ಇರುವುದು ಎಲ್ಲಕ್ಕಿಂತ ಕಷ್ಟ. ಹಡಗು ಹತ್ತದೆಯೇ ಹೆಸರು ಮಾಡಿದ ಸಾಗರ ವಿಜ್ಞಾನಿಗಳೂ ಇದ್ದಾರೆ, ಆದ್ದರಿಂದ ಇದೊಂದು ಭಯಕ್ಕಾಗಿ ಓದನ್ನೇ ಬಿಡಿಸಬೇಡಿ ಎಂದೂ ಹೇಳಿದೆ.

ಹುಡುಗಿ ಅಷ್ಟು ಹೊತ್ತೂ ಮಾತನಾಡಿರಲಿಲ್ಲ. ನನ್ನ ಮೇಜಿನ ಮೇಲೆ ಪೆನ್ನು ಇಡಲು ಬಳಸುವ ಹಳೆಯ ಆಮ್ಲಜನಕದ ಬಾಟಲಿಯೊಂದಿದೆ. ಅದನ್ನು ಎತ್ತಿ, ನಲ್ಲಿಯ ಹತ್ತಿರ ಹೋಗಿ ನೀರು ತುಂಬಿಸಿ, ಬಿರಡೆ ಒತ್ತಿ ದೀಪಕ್ಕೆ ಹಿಡಿದಳು. ಗುಳ್ಳೆ ಇತ್ತು. ಚೆಲ್ಲಿ ಮತ್ತೆ ತುಂಬಿದಳು. ನಾಲ್ಕನೆಯ ಸಲ ಗುಳ್ಳೆ ಇರಲಿಲ್ಲ. ಮರುವಾರ ಅವಳು ರಸಾಯನಶಾಸ್ತ್ರ ಮತ್ತು ಭೂವಿಜ್ಞಾನ ತೆಗೆದುಕೊಂಡು ಬಿಎಸ್‌ಸಿಗೆ ಹೆಸರು ಹಚ್ಚಿದಳು. ವಾಸ್ಕೋದಿಂದ ಬೆಳಗಿನ ಬಸ್ಸು ಎಷ್ಟು ಗಂಟೆಗೆ ಎಂದು ಅಪ್ಪ ಈಗ ಓಣಿಯವರನ್ನೆಲ್ಲ ಕೇಳುತ್ತಿದ್ದಾರೆ.